ಬಹೀಜಾಳ ಪಾಲಿನ ಕೋಳಿ

ನಾನು ದರ್ಜಿ. ಜಲ್ಲಾಬ ಎಂಬ ಉದ್ದನೆಯ ನಿಲುವಂಗಿ ಹೊಲಿಯುವುದು ನನ್ನ ಕಸುಬು. ಆದರೆ ನಮ್ಮ ಓಣಿಯ ಹೆಂಗಸರನ್ನು ಕೇಳಿ ನೋಡಿ, ಬೂಶ್ತಾ ಎಂದರೆ ಕೋಳಿ ಕೊಯ್ದು ಕೊಡುವವನು ಎಂದೇ ಹೇಳುತ್ತಾರೆ. ನಮ್ಮಲ್ಲಿ ಹೆಂಗಸರು ಕೋಳಿಯ ಕುತ್ತಿಗೆಗೆ ಚೂರಿ ಇಡುವುದಿಲ್ಲ. ಇಟ್ಟರೆ ತಪ್ಪೇನೂ ಇಲ್ಲ ಎಂದು ಮಸೀದಿಯ ಇಮಾಮರು ಎಷ್ಟೋ ಸಲ ಹೇಳಿದ್ದಾರೆ. ಹೆಂಗಸರು ತಲೆಯಾಡಿಸಿ ಕೇಳುತ್ತಾರೆ, ಮನೆಗೆ ಹೋಗಿ ಮತ್ತೆ ಹೊಸ್ತಿಲಲ್ಲಿ ನಿಲ್ಲುತ್ತಾರೆ. ಒಂದು ಕಂಕುಳಲ್ಲಿ ಕೋಳಿ, ಇನ್ನೊಂದು ಕೈಯಲ್ಲಿ ಚೂರಿ. ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ದಾರಿಯಲ್ಲಿ ಹೋಗುವ ಗಂಡಸು, ಗುರುತಿನವನಿರಲಿ ಬಿಡಲಿ, ನಿಂತು, ಕೈ ತೊಳೆದು, ಬಿಸ್ಮಿಲ್ಲಾ ಎಂದು ಕೊಯ್ದು ಕೊಟ್ಟು ತನ್ನ ದಾರಿ ಹಿಡಿಯಬೇಕು. ತನ್ನ ಮದುವೆಗೇ ಹೊರಟವನಾದರೂ ಸರಿ. ನನ್ನ ಅಂಗಡಿ ಓಣಿಯ ನಟ್ಟನಡುವೆ ಇರುವುದರಿಂದ ಈ ಪುಣ್ಯದ ಕೆಲಸ ಹೆಚ್ಚಾಗಿ ನನ್ನ ತಲೆಗೇ ಬಂದು ಕೂರುತ್ತದೆ. ಎಷ್ಟು ಸಲ ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದಿದ್ದೇನೋ ನನಗೇ ಗೊತ್ತಿಲ್ಲ.

ಅಂಗಡಿಗೆ ಎದುರಾಗಿಯೇ ಲಲ್ಲಾ ತಾಮುವಿನ ಮನೆ. ಲಲ್ಲಾ ಎಂದರೆ ನಮ್ಮಲ್ಲಿ ಅಮ್ಮಾವರೇ ಎಂದ ಹಾಗೆ; ಗಂಡಸರಿಗಾದರೆ ಸಿ. ಆಕೆಯ ಗಂಡ ಮೀಮೂನ್ ಓಣಿಯ ತುದಿಯಲ್ಲಿ ರೊಟ್ಟಿ ಸುಡುವ ಒಲೆಮನೆ ನಡೆಸುತ್ತಿದ್ದ. ಒಬ್ಬಳೇ ಮಗಳು ಬಹೀಜಾ ಅಂಬೆಗಾಲಿಡುತ್ತಿದ್ದಾಗ ತೀರಿಕೊಂಡ. ತಾಮು ಯಾರ ಮನೆಯ ಬಾಗಿಲಿಗೂ ಹೋಗಿ ಕೈಚಾಚಲಿಲ್ಲ. ಮದುವೆ ಮನೆಗಳಿಗೆ ಗೋಧಿ ರವೆ ಉಜ್ಜಿ ಕುಸ್ಕುಸ್ ಕಾಳು ಮಾಡಿ ಕೊಟ್ಟಳು, ಹಿತ್ತಲಲ್ಲಿ ಕೋಳಿ ಸಾಕಿದಳು. ಮೊಟ್ಟೆಯಿಂದ ಮಗಳನ್ನು ಶಾಲೆ ಓದಿಸಿದೆ, ಮರಿಗಳಿಂದ ಮದುವೆ ಮಾಡಿದೆ ಎಂದು ಆಕೆಯೇ ಹೇಳಿಕೊಳ್ಳುತ್ತಾಳೆ. ಜಂಬದ ಮಾತೇ, ಆದರೆ ನಿಜ.

ಆ ಹಿತ್ತಲು ನೋಡಬೇಕು. ಒಂದು ಅಂಜೂರದ ಮರ, ಒಂದು ಮುಚ್ಚಿದ ಬಾವಿ, ಅದರ ತುಂಬ ತಾಮುವಿನ ಸಂಸಾರ. ಹುಂಜದ ಹೆಸರು ಕಾಯಿದ್. ನಮ್ಮ ಊರಿನ ಹಳೆಯ ಅಧಿಕಾರಿಯೊಬ್ಬನ ಹಾಗೆ ಎದೆ ಮುಂದೆ ಮಾಡಿಕೊಂಡು ನಡೆಯುತ್ತದೆ, ಕೆಲಸ ಮಾತ್ರ ಏನೂ ಮಾಡುವುದಿಲ್ಲ. ಬೂತಾಯಿ ಮೀನಿನ ತಲೆ ಕಂಡರೆ ಮೈಮರೆಯುವ ಹೇಂಟೆಯೊಂದಿದೆ. ಸಂಜೆ ಎಲ್ಲರೂ ಮರ ಹತ್ತಿದರೋ ಇಲ್ಲವೋ ಎಂದು ಕೆಳಗೇ ನಿಂತು ನೋಡಿ, ಕಡೆಯಲ್ಲಿ ತಾನು ಹತ್ತುವ ಮುದಿ ಹೇಂಟೆ ವಜೀರಾ. ಈ ವಜೀರಾಳಿಗೆ ತನ್ನ ಮನೆಯ ಹುಲ್ಲಿನ ಗೂಡು ರುಚಿಸುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓಣಿ ದಾಟಿ ಬಂದು ನನ್ನ ಚಿಂದಿ ಬಟ್ಟೆಯ ಬುಟ್ಟಿಯಲ್ಲಿ ಕೂತು ಮೊಟ್ಟೆಯಿಟ್ಟು, ಊರಿಗೆಲ್ಲ ಕೇಳುವಂತೆ ಕೂಗಿ ಹೋಗುತ್ತಾಳೆ. ಆ ಮೊಟ್ಟೆಯನ್ನು ನಾನು ಹೋಗಿ ಕೊಟ್ಟು ಬರಬೇಕು. ಕೊಟ್ಟರೆ ತಾಮು, "ಇವತ್ತು ಯಾಕೆ ಲೇಟು?" ಎಂದು ನನ್ನನ್ನೇ ಕೇಳುತ್ತಾಳೆ.

ಆಕೆ ಕೋಳಿಗಳ ಜೊತೆ ಮನುಷ್ಯರ ಜೊತೆ ಮಾತಾಡಿದಂತೆ ಮಾತಾಡುತ್ತಾಳೆ, ಮನುಷ್ಯರ ಜೊತೆ ಕೋಳಿಗಳನ್ನು ಗದರಿದಂತೆ ಗದರುತ್ತಾಳೆ. ಹಾಗೆಂದು ಕೋಳಿಯ ಮೇಲೆ ಕುರುಡು ಮೋಹವೇನಿಲ್ಲ. ಹಬ್ಬ ಬಂದರೆ, ನೆಂಟರು ಬಂದರೆ, ಒಂದನ್ನು ಹಿಡಿದು ತಂದು ನನ್ನ ಮುಂದೆ ನಿಲ್ಲುತ್ತಿದ್ದಳು. ನಾನು ಕೊಯ್ಯುವಾಗ ಆಚೆ ಮುಖ ಮಾಡಿಕೊಂಡು, ಮುಗಿದ ಮೇಲೆ, "ದೇವರು ನಿಮ್ಮ ಕೈ ಚೆನ್ನಾಗಿಟ್ಟಿರಲಿ ಸಿ ಬೂಶ್ತಾ" ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಅಷ್ಟೇ ವ್ಯವಹಾರ.

ಹೋದ ವರ್ಷ ಗಂಡನ ಊರು ಮೆಕ್ನೆಸ್‌ನಿಂದ ಬಹೀಜಾಳ ಫೋನು ಬಂತು, ತಾನು ಬಸುರಿ ಎಂದು. ತಾಮು ಫೋನಿಟ್ಟು ನೇರ ಹಿತ್ತಲಿಗೆ ಹೋಗಿ ಕೆಂಚು ಬಣ್ಣದ ಒಂದು ಎಳೆಯ ಹೇಂಟೆಯನ್ನು ಹಿಡಿದು ತಂದು ನನಗೆ ತೋರಿಸಿದಳು.

"ಇದು ಬಹೀಜಾಳ ಪಾಲು. ಇವತ್ತಿಂದ ಇದನ್ನ ಸಾಕ್ತೀನಿ. ಹೆರಿಗೆಯಾದ ಮೂರನೇ ದಿನಕ್ಕೆ ರಫೀಸಾ ಆಗ್ಬೇಕಲ್ಲ."

"ಹೆಸರೇನು?" ಎಂದೆ, ಕೀಟಲೆಗೆ.

"ಬೇಯಿಸೋ ಕೋಳಿಗೆ ಯಾರಾದ್ರೂ ಹೆಸರಿಡ್ತಾರಾ? ಬಹೀಜಾಳ ಕೋಳಿ, ಅಷ್ಟೇ."

ರಫೀಸಾ ಎಂದರೆ ಬಾಣಂತಿಯ ಊಟ. ಪದರು ರೊಟ್ಟಿಯನ್ನು ಚೂರು ಮಾಡಿ ಹರಡಿ, ಮೇಲೆ ಚನ್ನಂಗಿ ಬೇಳೆ, ಮೆಂತ್ಯ, ನಿಧಾನಕ್ಕೆ ಬೆಂದ ನಾಟಿ ಕೋಳಿಯ ಸಾರು ಸುರಿಯಬೇಕು. ಅಂಗಡಿಯ ಬಿಳಿ ಕೋಳಿ ಹಾಕಿದರೆ ಅದು ರಫೀಸಾ ಅಲ್ಲ. ಮಗಳ ಮೊದಲ ಹೆರಿಗೆಗೆ ತಾಯಿ ತನ್ನ ಕೈಯಾರೆ ಸಾಕಿದ ಕೋಳಿ ಹಾಕಿ ಮಾಡಿದರೆ ಆ ಮಾತು ಓಣಿಯಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ಮಾಡದಿದ್ದರೆ ಇನ್ನೂ ಹೆಚ್ಚು ವರ್ಷ ಓಡಾಡುತ್ತದೆ.

ಆ ಹೆಸರಿಲ್ಲದ ಕೋಳಿ ಬೆಳೆಯಿತು. ಎಲ್ಲ ಕೋಳಿಗಳೂ ಮರ ಹತ್ತಿದರೆ ಇದು ಅಡುಗೆಮನೆಯಲ್ಲಿ ಮಲಗುತ್ತಿತ್ತು. ತಾಮು ದೊಡ್ಡ ಮರದ ಹರಿವಾಣದಲ್ಲಿ ಕುಸ್ಕುಸ್ ಉಜ್ಜಲು ಕೂತರೆ ಇದು ಹರಿವಾಣದ ಅಂಚಿಗೆ ಬಂದು ಕೂರುತ್ತಿತ್ತು. ಒಂದು ಕಾಳಿಗೂ ಬಾಯಿ ಹಾಕುತ್ತಿರಲಿಲ್ಲ. ಆಕೆ ಬಾವಿಯ ಕಡೆ ಹೋದರೆ ಬಾವಿಯ ಕಡೆ, ಬೀದಿಯ ಕಡೆ ಬಂದರೆ ಬೀದಿಯ ಕಡೆ. ಸ್ನಾನಕ್ಕೆಂದು ಊರ ಹಮಾಮಿಗೆ ಹೊರಟ ದಿನ ಹಿಂದೆಯೇ ಹೋಗಿ ಬಾಗಿಲ ಹೊರಗೆ ಕಾದು ಕೂತು, ಬಂದು ಹೋಗುವ ಹೆಂಗಸರಿಂದ ಬೈಸಿಕೊಂಡಿತ್ತು.

ಇನ್ನು ಫೋನಿನ ಕಥೆ. ಸಂಜೆಯಾಯಿತೆಂದರೆ ತಾಮು ಹೊಸ್ತಿಲ ಮೇಲೆ ಕೂತು ಮಗಳಿಗೆ ಫೋನು ಹಚ್ಚುತ್ತಿದ್ದಳು. ಫೋನನ್ನು ಕಿವಿಗಿಟ್ಟು ಮಾತಾಡುವ ಅಭ್ಯಾಸ ಆಕೆಗಿಲ್ಲ; ಓಣಿಯೆಲ್ಲ ಕೇಳಬೇಕು. ಹೇಗಿದ್ದೀಯ, ಭಯವಾಗುತ್ತಾ ಎಂದು ಕೇಳಿದ್ದನ್ನು ನಾನಂತೂ ಕೇಳಲಿಲ್ಲ. ಬರೀ ಕೋಳಿ ಪುರಾಣ.

"ನಿನ್ ಕೋಳಿ ಇವತ್ತು ಒಂದು ಕಾಳೂ ತಿನ್ಲಿಲ್ಲ ಕಣೇ."

"ಯಾಕೆ ಯಮ್ಮಾ?"

"ಯಾರಿಗೊತ್ತು. ರಾತ್ರಿಯೆಲ್ಲ ನಿದ್ದೇನೂ ಮಾಡಿಲ್ಲ. ಬಾಗಿಲ ಕಡೆ ನೋಡ್ತಾ ಕೂತಿದೆ."

ಆಕೆ ಹೀಗೆ ಹೇಳುವಾಗ ಆ ಕೋಳಿ ನನ್ನ ಅಂಗಡಿಯಲ್ಲಿ, ನನ್ನ ಮಧ್ಯಾಹ್ನದ ರೊಟ್ಟಿಯ ಚೂರುಗಳನ್ನೆಲ್ಲ ನುಂಗಿ ಇನ್ನೂ ಇದೆಯಾ ಎಂದು ನನ್ನ ಮುಖ ನೋಡುತ್ತಿರುತ್ತಿತ್ತು. ಈ ಹೆಂಗಸು ಯಾಕಪ್ಪಾ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ ಎಂದು ನನಗೆ ಆಶ್ಚರ್ಯ. ಒಂದು ದಿನ ತಡೆಯಲಾರದೆ, "ಲಲ್ಲಾ, ನಿಮ್ಮ ಉಪವಾಸದ ಕೋಳಿ ಇಲ್ಲಿ ತೇಗ್ತಾ ಇದೆ" ಎಂದು ಕೂಗಿದೆ. "ನಿಮ್ ಹೊಲಿಗೆ ನೀವು ನೋಡ್ಕೊಳ್ಳಿ" ಎಂದು ಉತ್ತರ ಬಂತು.

ಹೆರಿಗೆಗೆ ಬಹೀಜಾ ತಾಯಿಮನೆಗೆ ಬಂದಳು. ಮಂಗಳವಾರ ಬೆಳಿಗ್ಗೆ ಹೆಣ್ಣುಮಗು ಹುಟ್ಟಿತು. ಮಹಡಿಯ ಕೋಣೆಯಿಂದ ಹೆಂಗಸರ ಯೂ-ಯೂ ಎಂಬ ಸಂತಸದ ಕೂಗು ಕೇಳಿದಾಗ ನಾನು ಸೂಜಿ ಬಿಟ್ಟು ಎದ್ದು ನಿಂತೆ. ಗುರುವಾರಕ್ಕೆ ರಫೀಸಾ. ಬಹೀಜಾಳ ಅತ್ತೆ ಹಾಜ್ಜಾ ಯಾಮ್ನಾ ಮೆಕ್ನೆಸ್‌ನಿಂದ ಊಟಕ್ಕೆ ಬರುವವಳಿದ್ದಳು. ಈ ಯಾಮ್ನಾ ತುಟಿ ಬಿಗಿದು ಕೂರುವ ಹೆಂಗಸು. ಮದುವೆಯ ದಿನ ತಾಮು ಮಾಡಿದ ಕುಸ್ಕುಸ್ ಬಾಯಿಗಿಟ್ಟು, "ಪರವಾಗಿಲ್ಲ" ಎಂದವಳು. ಆ ಒಂದು ಮಾತನ್ನು ತಾಮು ಇನ್ನೂ ಅರಗಿಸಿಕೊಂಡಿರಲಿಲ್ಲ.

ಗುರುವಾರ ಬೆಳಿಗ್ಗೆ ನಾನು ನನ್ನ ಚೂರಿಯನ್ನೂ ಮಸೆದು, ಕೈ ತೊಳೆದು ಸಿದ್ಧವಾಗಿದ್ದೆ. ಕರೆಯುವುದು ನನ್ನನ್ನೇ ತಾನೇ. ತಾಮು ಹೊಸ್ತಿಲಿಗೆ ಬಂದಳು. ಕಂಕುಳಲ್ಲಿ ಕೆಂಚು ಕೋಳಿ, ಕೈಯಲ್ಲಿ ಚೂರಿ. ನನ್ನನ್ನು ನೋಡಿದಳು. ನೋಡಿ, ಮುಖ ಆ ಕಡೆ ತಿರುಗಿಸಿ ಓಣಿಯ ತುದಿಯನ್ನು ನೋಡುತ್ತ ನಿಂತಳು. ನಾನು ಕೆಮ್ಮಿದೆ. ತಿರುಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಈ ಮನೆಯ ಎಷ್ಟು ಹಬ್ಬ, ಎಷ್ಟು ನೆಂಟರು, ಎಲ್ಲಕ್ಕೂ ನಾನು. ಈಗ ಮೊಮ್ಮಗಳು ಹುಟ್ಟಿದ ಊಟಕ್ಕೆ ನನ್ನ ಕೈ ಬೇಡವಾಯಿತೇ. ಕರೆಯದೆ ಹೋಗುವ ಜಾಯಮಾನ ನನ್ನದಲ್ಲ. ಹೊಲಿಗೆ ಎತ್ತಿಕೊಂಡು ಕೂತೆ, ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ.

ಮೊದಲು ಬಂದವನು ಈಗ ಒಲೆಮನೆ ನಡೆಸುವ ಕದ್ದೂರ್. ತಲೆಯ ಮೇಲಿನ ರೊಟ್ಟಿಯ ಹಲಗೆ ಇಳಿಸಿ, "ಕೊಡಿ ಲಲ್ಲಾ, ಮುಗಿಸ್ಕೊಡ್ತೀನಿ" ಎಂದು ಕೈ ಚಾಚಿದ.

"ನಿನ್ನೆ ಹೆಂಡ್ತಿ ಜೊತೆ ಜಗಳ ಆಡಿದೀಯಂತೆ. ಸಿಟ್ಟಲ್ಲಿರೋ ಕೈಲಿ ಕೊಯ್ದಿದ್ದು ಬಾಣಂತಿಗೆ ಆಗಲ್ಲ."

"ಯಾರು ಹೇಳಿದ್ದು ನಿಮ್ಗೆ?"

"ನೀನೇ. ಇಡೀ ಓಣಿಗೆ ಕೇಳೋ ಹಾಗೆ."

ಕದ್ದೂರ್ ಹಲಗೆ ಎತ್ತಿಕೊಂಡು ಗೊಣಗುತ್ತ ಹೋದ. ಆಮೇಲೆ ಮಸೀದಿಯ ಕಸ ಗುಡಿಸುವ ಮುದುಕ ಸಿ ಅಲ್ಲಾಲ್ ನಿಂತ.

"ನಿಮ್ ಕೈ ನಡುಗುತ್ತೆ ಸಿ ಅಲ್ಲಾಲ್, ಕೋಳಿಗೆ ಹಿಂಸೆ ಆಗುತ್ತೆ."

"ಚಹಾದ ಲೋಟ ಹಿಡಿದಾಗ ನಡುಗುತ್ತಮ್ಮಾ, ಚೂರಿ ಹಿಡಿದಾಗ ಗಟ್ಟಿ."

"ಹಾಗಾದ್ರೆ ಇನ್ನೂ ಭಯ. ಹೋಗ್ಬನ್ನಿ."

ತರಕಾರಿ ಮಾರುವ ಬುಅಜ್ಜಾನನ್ನು ಆತ ಬಾಯಿ ತೆರೆಯುವ ಮೊದಲೇ, ಪುದೀನ ಕಟ್ಟಿನೊಳಗೆ ಹುಲ್ಲು ಸೇರಿಸುವ ಕೈ ಎಂದು ಅಟ್ಟಿದಳು. ಇನ್ನೊಬ್ಬ ಸಿಗರೇಟು ಸೇದುತ್ತಾನೆ. ಮತ್ತೊಬ್ಬ ತನ್ನ ತಾಯಿಯನ್ನು ನೋಡಲು ಹೋಗುವುದಿಲ್ಲ. ಓಣಿಯ ಗಂಡಸರ ಬಂಡವಾಳವೆಲ್ಲ ಆ ಒಂದು ಬೆಳಿಗ್ಗೆ ಬಯಲಾಯಿತು. ನಾನು ಸಿಟ್ಟಿನಲ್ಲಿದ್ದರೂ ಒಳಗೊಳಗೇ ನಗುತ್ತಿದ್ದೆ. ಕೋಳಿ ಮಾತ್ರ ಆಕೆಯ ಕಂಕುಳಲ್ಲಿ ಕಣ್ಣು ಮುಚ್ಚಿ ತೂಕಡಿಸುತ್ತಿತ್ತು.

ತಾಮುವಿನ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದ ನನ್ನ ಹೆಂಡತಿ ಹನಿಯಾ ಕೂಗಿದಳು: "ಲಲ್ಲಾ, ನೀರು ಕುದೀತಾ ಇದೆ."

"ಕುದೀಲಿ. ಕುದ್ರೆ ನೀರೇನು ಹಳಸಲ್ಲ."

"ನಾಟಿ ಕೋಳಿ ಬೇಯೋಕೆ ಎಷ್ಟೊತ್ತು ಬೇಕು ಗೊತ್ತಲ್ಲ? ಬಸ್ಸು ಬಂದ್ಬಿಡುತ್ತೆ."

ಬಿಸಿಲು ಹೊಸ್ತಿಲಿಗೆ ಬಂದಿತ್ತು. ತಾಮು ಒಂದು ಕಾಲನ್ನು ಮನೆಯೊಳಗಿಟ್ಟಳು. ಕೊಯ್ಯಿಸುವುದಿಲ್ಲ ಎಂದು ಮನಸ್ಸು ಮಾಡಿ ಒಳಗೆ ಹೊರಟಿದ್ದಳೋ, ನೀರು ನೋಡಲು ಹೊರಟಿದ್ದಳೋ ನಾನು ಹೇಳಲಾರೆ.

ಅಷ್ಟರಲ್ಲಿ ಒಂದು ಮೊಪೆಡ್ಡು ಬಂತು. ಗುರುವಾರ ನಮ್ಮೂರಿನ ಸಂತೆ; ಹಳ್ಳಿಯವರು ನಮ್ಮ ಓಣಿಯಿಂದಲೇ ಹಾದು ಹೋಗುತ್ತಾರೆ. ಈತ ಕೋಳಿ ವ್ಯಾಪಾರಿ, ಹಿಂದೆ ಎರಡೂ ಕಡೆ ಬುಟ್ಟಿ ಕಟ್ಟಿದ್ದ. ಹೊಸ್ತಿಲಲ್ಲಿ ಕೋಳಿ ಚೂರಿ ಹಿಡಿದ ಹೆಂಗಸು ಕಂಡಳು. ಮರ್ಯಾದಸ್ಥ ಮನುಷ್ಯ, ಮಾಡಬೇಕಾದ್ದನ್ನು ಮಾಡಿದ. ಗಾಡಿ ನಿಲ್ಲಿಸಿ, ಬಾಟಲಿಯ ನೀರಲ್ಲಿ ಕೈ ತೊಳೆದು, "ತಡ ಆಯ್ತೇನೋ ತಾಯಿ, ಕ್ಷಮಿಸಿ" ಎಂದು ಆಕೆಯ ಕಂಕುಳಿಂದ ಕೋಳಿಯನ್ನು ಮೆತ್ತಗೆ ತೆಗೆದುಕೊಂಡ. ಚೂರಿಯನ್ನೂ ತೆಗೆದುಕೊಂಡ. ಇಡೀ ಓಣಿಯ ಗಂಡಸರನ್ನು ಅಟ್ಟಿದ ತಾಮುವಿನ ಬಾಯಿಂದ ಬೇಡ ಎಂಬ ಒಂದು ಮಾತು ಹೊರಡಲಿಲ್ಲ. ಆತ ನಮ್ಮ ನಮಾಜಿನ ದಿಕ್ಕಾದ ಪೂರ್ವಕ್ಕೆ ತಿರುಗಿ ಕೂತು, ಕೋಳಿಯನ್ನು ಮಲಗಿಸಿ, ರೆಕ್ಕೆಯ ಮೇಲೆ ಕಾಲಿಟ್ಟ.

ನಾನು ಎದ್ದುಬಿಟ್ಟೆ. ತೊಡೆಯ ಮೇಲಿನ ಜಲ್ಲಾಬ, ಕತ್ತರಿ, ಸೀಮೆಸುಣ್ಣ ಎಲ್ಲ ನೆಲಕ್ಕೆ ಬಿದ್ದವು.

ಮಹಡಿಯ ಕಿಟಕಿ ಧಡಾರನೆ ತೆರೆಯಿತು.

"ನಿಲ್ಸು! ಅದು ನನ್ ಕೋಳಿ."

ಬಹೀಜಾ. ತಲೆಗೆ ವಸ್ತ್ರವಿಲ್ಲ, ಮೈಮೇಲೆ ಮಲಗುವ ಅಂಗಿ. ವ್ಯಾಪಾರಿ ಒಮ್ಮೆ ಮೇಲೆ ನೋಡಿ ತಕ್ಷಣ ಕಣ್ಣು ತಗ್ಗಿಸಿದ. "ತಂಗೀ, ನಾನು ದಾರಿಹೋಕ. ಈ ತಾಯಿ ನಿಂತಿದ್ರು, ಅದಕ್ಕೆ..."

"ಬಹೀಜಾ, ಕಿಟಕಿ ಮುಚ್ಚು" ಎಂದಳು ತಾಮು. ಈಗ ದನಿ ಬಂದಿತ್ತು. "ಹಸಿ ಬಾಣಂತಿ ನೀನು, ಗಾಳಿ ಹೊಡೆಯುತ್ತೆ."

"ಮೊದ್ಲು ಕೋಳಿ ಬಿಡಿಸು."

"ಅದು ನಿನ್ ರಫೀಸಾಕ್ಕೆ ಇಟ್ಟಿರೋ ಕೋಳಿ."

"ನಂದು ತಾನೇ? ನಂದು ಅಂದ್ಮೇಲೆ ನಾನು ಬೇಡ ಅಂತಿದೀನಿ. ಒಡತಿ ಬೇಡ ಅಂದ್ರೂ ಕೊಯ್ದ್ರೆ ಹರಾಮು. ಸಿ ಬೂಶ್ತಾನ ಕೇಳು ಬೇಕಾದ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು, ಕಾಲಡಿಯ ಕೋಳಿಯೂ ಸೇರಿ. ನಾನು ಶಾಸ್ತ್ರ ಓದಿದವನಲ್ಲ. "ಹೌದು, ಹರಾಮು" ಎಂದೆ, ಬೇಕಾದ್ದಕ್ಕಿಂತ ಜೋರಾಗಿ.

"ನಿಮ್ಮನ್ನ ಯಾರು ಕೇಳಿದ್ರು?" ಎಂದಳು ತಾಮು.

"ನಿಮ್ ಮಗಳು ಕೇಳಿದ್ಲು."

ತಾಮು ಮತ್ತೆ ಕಿಟಕಿಯ ಕಡೆ ತಿರುಗಿದಳು. "ನಿಮ್ಮತ್ತೆ ಬರ್ತಾರೆ. ಹೆತ್ತ ಮಗಳ ಬಾಣಂತನಕ್ಕೆ ಒಂದು ಕೋಳಿ ಕೊಯ್ಸೋಕಾಗ್ಲಿಲ್ಲ ಇವಳ ಕೈಲಿ ಅಂತಾರೆ. ನಾನು ಮುಖ ಎಲ್ಲಿಟ್ಕೊಳ್ಳಿ?"

"ಅನ್ಲಿ ಬಿಡು. ಯಮ್ಮಾ, ಇಷ್ಟು ತಿಂಗಳು ನೀನು ಫೋನಲ್ಲಿ ಹೇಳಿದ್ದೇನು? ಕೋಳಿ ತಿನ್ಲಿಲ್ಲ. ಕೋಳಿ ನಿದ್ದೆ ಮಾಡ್ಲಿಲ್ಲ. ಕೋಳಿ ಬಾಗಿಲ ಕಡೆ ನೋಡ್ತಾ ಕೂತಿದೆ. ತಿನ್ನದೆ ಇದ್ದೋರು ಯಾರು, ನಿದ್ದೆ ಇಲ್ದೆ ಕೂತೋರು ಯಾರು ಅಂತ ನಂಗೆ ಗೊತ್ತಾಗಲ್ವಾ? ಅಲ್ಲಿ ಒಬ್ಳೇ ಭಯದಲ್ಲಿ ಕೂತಿರೋವಾಗ ಆ ಕೋಳಿ ಮಾತು ಕೇಳ್ಕೊಂಡೇ ನಾನು ಮಲಗ್ತಿದ್ದೆ. ಈಗ ಅದನ್ನ ಹೆಂಗೆ ತಿನ್ಲಿ ಹೇಳು."

ನನಗಂತೂ ಕಪಾಳಕ್ಕೆ ಹೊಡೆದ ಹಾಗಾಯಿತು. ಎದುರು ಬದುರು ಕೂತು ದಿನವೂ ಕೇಳಿದವನು ನಾನು, ಸುಳ್ಳು ಅಂದುಕೊಂಡವನೂ ನಾನು. ಕೋಳಿ ತಿಂದದ್ದನ್ನು ನೋಡಿದೆನೇ ಹೊರತು ಆ ಹೆಂಗಸಿನ ಮನೆಯಲ್ಲಿ ಒಲೆ ಹೊತ್ತಿದೆಯೇ ಎಂದು ನೋಡಲಿಲ್ಲ.

ತಾಮು ಕಿಟಕಿಯತ್ತ ಮುಖವೆತ್ತಿ ಕೇಳಿದಳು: "ಇದನ್ನ ಮೊನ್ನೆ ಹೇಳೋಕೆ ಬಾಯಲ್ಲೇನಿತ್ತು?"

"ನೀನು ನಂಗೋಸ್ಕರ ಆಸೆಯಿಂದ ಸಾಕಿದ್ದೆ. ಬೇಡ ಅಂದ್ರೆ ನೊಂದ್ಕೋತೀಯ ಅನ್ಕೊಂಡೆ."

"ಬೆಳಗ್ಗಿಂದ ಊರ ಗಂಡಸ್ರಲ್ಲೆಲ್ಲ ಹುಳುಕು ಹುಡುಕ್ತಾ ನಿಂತಿದೀನಲ್ಲೇ ಕತ್ತೆ. ನಂಗೆ ಗಂಡು ನೋಡ್ಕೋತಿದೀನಿ ಅನ್ಕೊಂಡ್ಯಾ?"

ಮೊದಲು ನಕ್ಕವನು ವ್ಯಾಪಾರಿ. ಆಮೇಲೆ ಕಿಟಕಿಯಲ್ಲಿ ಬಹೀಜಾ ನಕ್ಕಳು, ನಕ್ಕು ಹೊಟ್ಟೆ ನೋವೆಂದು ಹಿಡಿದುಕೊಂಡಳು. ತಾಮು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು, ಕಿಟಕಿ ಮುಚ್ಚು ಎಂದು ಬೈಯುತ್ತಲೂ ಇದ್ದಳು. ವ್ಯಾಪಾರಿ ಕಾಲು ತೆಗೆದ. ಕೋಳಿ ಎದ್ದು, ಮೈ ಕೊಡವಿ, ಏನೂ ಆಗದ ಹಾಗೆ ಹೊಸ್ತಿಲು ದಾಟಿ ಒಳಗೆ ಹೋಯಿತು.

"ತಾಯಿ, ನನ್ ಬುಟ್ಟೀಲಿರೋದೂ ನಾಟಿ ಕೋಳಿಗಳೇ" ಎಂದ ವ್ಯಾಪಾರಿ. "ಒಂದು ಇಟ್ಕೊಳ್ಳಿ. ಮಗು ಹುಟ್ಟಿದ್ದಕ್ಕೆ ಉಡುಗೊರೆ ಅಂತ ಅನ್ಕೊಳ್ಳಿ."

ತಾಮು ಕೈಯಿಂದ ಕಣ್ಣು ಮುಚ್ಚಿಕೊಂಡಳು. "ಅದರ ಮುಖ ನಂಗೆ ತೋರಿಸ್ಬೇಡಪ್ಪಾ. ಬಣ್ಣಾನೂ ಹೇಳ್ಬೇಡ. ಸಿ ಬೂಶ್ತಾನ ಕೈಗೆ ಕೊಡು." ಒಳಗೆ ಹೋಗಿ ಬಾಣಂತಿಗೆಂದು ಬಾದಾಮಿ ಎಳ್ಳು ಹುರಿದು ಮಾಡಿದ್ದ ಹುರಿಹಿಟ್ಟಿನ ಉಂಡೆಗಳನ್ನು ದೊಡ್ಡ ಪೊಟ್ಟಣ ಕಟ್ಟಿ ತಂದು ಆತನ ಕೈಗಿಟ್ಟಳು. ಆತ ಸಂತೆಗೆ ಹೋದ. ನಾನು ಅಂಗಡಿಯ ಹಿಂದೆ ಹೋಗಿ ನನ್ನ ಕೆಲಸ ಮುಗಿಸಿ, ಕೋಳಿಯನ್ನು ಬಟ್ಟೆಯಲ್ಲಿ ಸುತ್ತಿ ಹನಿಯಾಳ ಕೈಗೆ ಕೊಟ್ಟೆ.

ದೇವರ ದಯೆಯಿಂದ ಮೆಕ್ನೆಸ್‌ನ ಬಸ್ಸು ತಡವಾಗಿ ಬಂತು. ಮಹಡಿಯಲ್ಲಿ ನಡೆದದ್ದನ್ನು ಹನಿಯಾಳೇ ನನಗೆ ಹೇಳಿದ್ದು. ಹಾಜ್ಜಾ ಯಾಮ್ನಾ ದಿಂಬಿಗೊರಗಿ ಕೂತು, ಒಂದು ತುತ್ತು ಬಾಯಿಗಿಟ್ಟು, ತುಟಿ ಬಿಗಿದು, ಕೇಳಿದಳಂತೆ: "ಇದೇನಾ ಆ ಕೋಳಿ? ಅಷ್ಟು ತಿಂಗಳಿಂದ ಸಾಕಿದ್ದು? ಸೊಸೆ ಹೇಳ್ತಾನೇ ಇದ್ಲು."

ಕೋಣೆಯಲ್ಲಿ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಅಲ್ಲ ಹಾಜ್ಜಾ" ಎಂದಳಂತೆ ತಾಮು. "ಇದು ಸಂತೆ ಕೋಳಿ. ಆ ಕೋಳಿ ನಿಮ್ ಬೆನ್ನ ಹಿಂದೆ ಕೂತಿದೆ. ಕೊಯ್ಸೋಕೆ ನನ್ನಿಂದಾಗ್ಲಿಲ್ಲ."

ಯಾಮ್ನಾ ತಿರುಗಿ ನೋಡಿದಳು. ಗೋಡೆಗೂ ದಿಂಬಿಗೂ ನಡುವೆ ಕೆಂಚು ಕೋಳಿ ಕಾಲು ಮಡಚಿ ಕೂತಿತ್ತು. "ಬೆನ್ನಿಗೆ ಏನೋ ಬೆಚ್ಚಗಿದೆ ಅನ್ಕೊಂಡೆ" ಎಂದು ಯಾಮ್ನಾ ಮತ್ತೆ ತಟ್ಟೆಗೆ ಕೈ ಹಾಕಿದಳು. ಮಧ್ಯಾಹ್ನವೆಲ್ಲ ಅಲ್ಲಿಂದ ಕದಲಲಿಲ್ಲವಂತೆ, ಕೋಳಿಯನ್ನೂ ಕದಲಿಸಗೊಡಲಿಲ್ಲವಂತೆ.

ಇಳಿಹೊತ್ತಿಗೆ ತಾಮು ನನಗೊಂದು ತಟ್ಟೆ ರಫೀಸಾ ತಂದಳು. ಕೋಳಿಯ ಕಾಲಿನ ಭಾಗವನ್ನೇ ಮೇಲಿಟ್ಟಿದ್ದಳು. ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ತಟ್ಟೆ ಮುಟ್ಟದೆ ಕೇಳಿದೆ.

"ಕದ್ದೂರನಿಗೆ ಸಿಟ್ಟು, ಅಲ್ಲಾಲನಿಗೆ ನಡುಕ. ಸರಿ. ನನ್ ಕೈಗೇನಾಗಿತ್ತು? ಒಂದು ಮಾತಿಗೂ ಕರೀಲಿಲ್ಲ ನೀವು."

ಆಕೆ ಅಂಗಿಯ ಅಂಚಿಗೆ ಕೈ ಒರೆಸಿಕೊಂಡಳು. "ನಿಮ್ಮಲ್ಲಿ ಹೇಳೋಕೆ ಒಂದು ಹುಳುಕೂ ಸಿಗ್ಲಿಲ್ಲ ಸಿ ಬೂಶ್ತಾ. ಹತ್ರ ಕರೆದಿದ್ರೆ ಕೋಳಿ ಕೊಟ್ಟೇ ಬಿಡ್ಬೇಕಾಗ್ತಿತ್ತು."

ತಟ್ಟೆ ಎಳೆದುಕೊಂಡು, ಒಂದು ತುತ್ತು ತಿಂದು, ಉಪ್ಪು ಸ್ವಲ್ಪ ಕಮ್ಮಿ ಎಂದೆ.